ಪುಟ್ಟಿಯ ದೋಣಿಗೆ ಹೊಸ ಸರಪಳಿ

ಕೊಡಿಗೇಹಳ್ಳಿ

ನನ್ನ ಮೊಮ್ಮಗಳು ಸಮುದ್ರದ ಮೇಲೆ ಮನೆ ಮಾಡಿದ್ದಾಳೆ, ಆ ಮನೆಗೆ ನಾನು ಹೋಗಿ ಇದ್ದು ಬಂದೆ! ಬಂದು ವಾರ ಕಳೀತು, ಈಗಲೂ ಮಂಚ ಅಲ್ಲಾಡಿದ ಹಾಗಾಗಿ ಎದ್ದು ಗೋಡೆ ಹಿಡ್ಕೋತೀನಿ. ಬೀದಿಯಲ್ಲಿ ಸಿಕ್ಕವರಿಗೆಲ್ಲ ಹೇಳಿ ಹೇಳಿ ಗಂಟಲು ಕಟ್ಟಿದೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ತಪ್ಪಿದ್ದರೆ ತಿದ್ದಿಕೊಂಡು ಓದಿ, ಆದರೆ ಓದಿ. ಇಷ್ಟು ಸಂತೋಷ, ಇಷ್ಟು ಭಯ ಎರಡನ್ನೂ ಒಂದೇ ಹೊಟ್ಟೆಯಲ್ಲಿ ಇಟ್ಟುಕೊಂಡು ಕೂರೋಕೆ ನನ್ನ ಕೈಲಿ ಆಗಲ್ಲ.

ಮೊಮ್ಮಗಳ ಹೆಸರು ಚೈತ್ರ, ನಮಗೆ ಪುಟ್ಟಿ. ನನ್ನ ಮಗಳು ರತ್ನ ಇಲ್ಲೇ ಕೊಡಿಗೇಹಳ್ಳಿ ಗೇಟ್ ಹತ್ತಿರ ಟೈಲರ್ ಅಂಗಡಿ ಇಟ್ಟಿದ್ದಾಳೆ. ಅಂಗಡಿ ಮುಂದೆ ನನ್ನ ಹೂವಿನ ಬುಟ್ಟಿ. ಪುಟ್ಟಿ ಬೆಳೆದದ್ದು ಅಮ್ಮನ ಮಿಷಿನ್ನಿಗೂ ನನ್ನ ಬುಟ್ಟಿಗೂ ನಡುವೆ. ಅಮ್ಮನ ಹತ್ತಿರ ಕಲಿತ ಹೊಲಿಗೆ ಅವಳನ್ನ ಎಲ್ಲೆಲ್ಲಿಗೋ ಕರ್ಕೊಂಡು ಹೋಯ್ತು. ಕೊನೆಗೆ ಮಲೇಷ್ಯಾದ ಲಂಕಾವಿ ಅನ್ನೋ ದ್ವೀಪದಲ್ಲಿ ದೋಣಿಗಳ ಹಾಯಿ ಹೊಲಿಯೋ ಕೆಲಸಕ್ಕೆ ಸೇರಿದಳು. ಅಲ್ಲಿ ಗಂಡ ಹೆಂಡತಿ ಇಬ್ಬರು, ಬಿಳಿಯರು, ವಯಸ್ಸಾಗಿ ತಮ್ಮ ಹಾಯಿ ದೋಣಿ ಬಿಟ್ಟು ಊರಿಗೆ ಹೊರಟಿದ್ದರಂತೆ. ಇವಳಿಗೆ ದೋಣಿ ನಡೆಸೋದು ಕಲಿಸಿ, ಹಳೇ ದೋಣಿಯನ್ನ ಇವಳ ಕೈಗೇ ಕೊಟ್ಟು ಹೋದರು. ಅಷ್ಟು ದಿನ ಅದು ಕಟ್ಟೆಗೆ ಕಟ್ಟಿ ಹಾಕಿದ ದೋಣಿ. ಈಗ ಅವಳಿಗೆ ಕಟ್ಟೆ ಬಿಡಬೇಕು ಅಂತ ಆಸೆ. ದ್ವೀಪದಿಂದ ದ್ವೀಪಕ್ಕೆ ಹೋಗೋದು, ಸಂಜೆ ಆದರೆ ಲಂಗರು ಇಳಿಸಿ ಅಲ್ಲೇ ಮಲಗೋದು. ಒಬ್ಬಳೇ.

ಇದನ್ನ ಕೇಳಿದ ದಿನದಿಂದ ರತ್ನ ಮಗಳ ಜೊತೆ ಮಾತು ಬಿಟ್ಟಳು. ಅರ್ಧ ವರ್ಷ ಆಗಿತ್ತು. ನಡುವೆ ನಾನೇ ಪೋಸ್ಟ್‌ಮ್ಯಾನು. ಕೊನೆಗೆ ಒಂದು ರಾಜಿ ಆಯ್ತು. ಅಜ್ಜಿ ಹೋಗಿ ಕಣ್ಣಾರೆ ನೋಡಲಿ, ಅಜ್ಜಿ ಹೇಳಿದ ಹಾಗೆ ಇಬ್ಬರೂ ಕೇಳೋದು. ಪುಟ್ಟಿ ಫೋನಲ್ಲಿ ಒಪ್ಪಿದಳು, "ಅಜ್ಜಿ ಬೇಡ ಅಂದ್ರೆ ಗಂಟು ಮೂಟೆ ಕಟ್ಟಿ ಬರ್ತೀನಿ" ಅಂತ.

ಏರ್‌ಪೋರ್ಟಿನ ಬಾಗಿಲಲ್ಲಿ ರತ್ನ ನನ್ನ ಸೆರಗು ಹಿಡ್ಕೊಂಡು ಅಂದಳು:

"ಅವ್ವ, ಅವಳ ಬಣ್ಣದ ಮಾತಿಗೆ ಬೀಳ್ಬೇಡ. ನೀನು ಹೂಂ ಅಂದ್ರೆ ನಾನು ಬಾಯಿ ಮುಚ್ಕೋತೀನಿ. ಊಹೂಂ ಅಂದ್ರೆ ಕಿವಿ ಹಿಂಡಿ ಜೊತೇಲೇ ಕರ್ಕೊಂಡು ಬಾ."

"ನಂಗೇ ಹಿಂಗೆ ಕೈಕಾಲು ನಡುಗ್ತಾ ಇದೆ, ಅವಳ ಕಿವಿ ಎಲ್ಲಿ ಹಿಂಡ್ಲೇ ನಾನು?" ಅಂದೆ.

ಹುಟ್ಟಿದಾಗಿಂದ ವಿಮಾನ ನೋಡ್ತಾ ಬಂದೋಳು ನಾನು. ಜಕ್ಕೂರಿನ ಪುಟಾಣಿ ವಿಮಾನಗಳು ನಮ್ಮ ಹೊಲದ ಮೇಲೆ ಸುತ್ತು ಹೊಡೀತಿದ್ದವು, ಆಮೇಲೆ ದೊಡ್ಡವು ಬಂದವು. ಕೆಳಗಿಂದ ನೋಡೋಕೆ ಚೆಂದ. ಒಳಗೆ ಕೂತ ಮೇಲೆ ಕಿಟಕಿಯಲ್ಲಿ ಒಂದು ಕೆರೆ ಕಂಡಿತು, ನಮ್ಮ ಜಕ್ಕೂರು ಕೆರೆಯೇ ಇರಬೇಕು, ತಟ್ಟೆಯಷ್ಟಾಯ್ತು, ಬಟ್ಟಲಷ್ಟಾಯ್ತು, ಮಾಯವಾಯ್ತು. ನನಗೆ ಗೊತ್ತಿದ್ದ ನೀರು ಅಷ್ಟೇ ಕಣ್ರೀ. ಆ ಕೆರೆಯಲ್ಲೂ ಮೊಣಕಾಲಿಗಿಂತ ಮೇಲೆ ನಾನು ಇಳಿದವಳಲ್ಲ.

ದೋಣಿ ಕಟ್ಟೆ

ಲಂಕಾವಿಯಲ್ಲಿ ಇಳಿದ ತಕ್ಷಣ ನೋಡಿದ್ದು ಗರುಡ. ಕೆಂಚು ಮೈ, ಬಿಳೀ ಕತ್ತು, ಸಾಕ್ಷಾತ್ ಗರುಡ. ಕೈ ಮುಗಿದು ಕೆನ್ನೆ ತಟ್ಟಿಕೊಂಡೆ. ಇನ್ನೊಂದು ಬಂತು, ಮತ್ತೆ ಮುಗಿದೆ. ಆಮೇಲೆ ನೋಡಿದರೆ ಆಕಾಶದ ತುಂಬ ಅವೇ. ನಮ್ಮ ಕಡೆ ಕಾಗೆ ಇದ್ದ ಹಾಗೆ ಅಲ್ಲಿ ಗರುಡ! ಪುಟ್ಟಿ ನಗ್ತಾ, "ಅಜ್ಜಿ, ಇಲ್ಲಿ ಅದನ್ನೇ ಮಾಡ್ತಾ ಇದ್ರೆ ಊಟಕ್ಕೂ ಕೈ ಬಿಡುವಾಗಲ್ಲ" ಅಂದಳು. ತಬ್ಬಿಕೊಂಡಳು ನೋಡಿ, ಮೈಯೆಲ್ಲ ಉಪ್ಪು ವಾಸನೆ, ಬಿಸಿಲಿಗೆ ಕಪ್ಪಗಾಗಿದ್ದಾಳೆ, ತೋಳು ಗಟ್ಟಿಯಾಗಿದೆ, ಕೂದಲು ಗಂಡುಹುಡುಗರ ಥರ ಕತ್ತರಿಸಿದ್ದಾಳೆ. ನನಗೆ ಅಳು ತಡೆಯೋಕೆ ಆಗಲಿಲ್ಲ.

ಕಟ್ಟೆ ಅಂದರೆ ನೀರಿನ ಮೇಲೇ ತೇಲೋ ಹಲಗೆ ರಸ್ತೆ. ಎರಡೂ ಕಡೆ ಸಾಲಾಗಿ ದೋಣಿಗಳು, ಯಶವಂತಪುರದ ಯಾರ್ಡಲ್ಲಿ ಲಾರಿ ನಿಲ್ಲಿಸಿದ ಹಾಗೆ. ಪ್ರತಿ ದೋಣಿಗೂ ನಡುವೆ ಉದ್ದನೆ ಕಂಬ. ಪುಟ್ಟಿಯ ದೋಣಿ ಕೊನೆಯಲ್ಲಿ. ಕಟ್ಟೆಯಿಂದ ದೋಣಿಗೆ ಕಾಲಿಡೋ ಹೊತ್ತಿಗೆ ದೋಣಿ ಒಂಚೂರು ಆ ಕಡೆ ಸರೀತು, ನನ್ನ ಒಂದು ಕಾಲು ಅಲ್ಲಿ, ಒಂದು ಕಾಲು ಇಲ್ಲಿ. ಕೂಗಿದ ಕೂಗಿಗೆ ನಾಲ್ಕಾರು ದೋಣಿಯಿಂದ ತಲೆಗಳು ಹೊರಗೆ ಬಂದವು. ಪುಟ್ಟಿ ಸೊಂಟ ಹಿಡಿದು ಎಳೆದುಕೊಂಡಳು. ನನ್ನ ಎಡಗಾಲಿನ ಚಪ್ಪಲಿ ನೀರಿಗೆ ಬಿತ್ತು. ಒಂದು ಕಾಲಿನ ಚಪ್ಪಲಿ ಇಟ್ಕೊಂಡು ಏನು ಮಾಡೋದು? ಅಲ್ಲಿದ್ದಷ್ಟು ದಿನ ಬರಿಗಾಲಲ್ಲೇ ಇದ್ದೆ. ಅಲ್ಲಿ ಎಲ್ಲರೂ ಹಾಗೇ ಇರೋದು, ಯಾರೂ ಏನೂ ಅಂದುಕೊಳ್ಳಲಿಲ್ಲ.

ಒಳಗೆ ಇಳಿಯೋಕೆ ಏಣಿ. ಒಳಗೆ ಗೊಂಬೆಮನೆಯ ಹಾಗೆ ಎಲ್ಲಾ ಇದೆ. ಒಲೆ ತೂಗಾಡುತ್ತೆ, ದೋಣಿ ವಾಲಿದರೂ ಪಾತ್ರೆ ಚೆಲ್ಲದ ಹಾಗೆ. ಪಾಯಖಾನೆಯಲ್ಲಿ ನೀರು ಹಾಕೋ ಹಾಗಿಲ್ಲ, ಒಂದು ಪಂಪ್ ಹಿಡಿ ಇದೆ, ಅದನ್ನ ಒತ್ತಿ ಒತ್ತಿ ಸಾಗಿಸಬೇಕು. ಮೊದಲನೇ ಸಲ ನಾನು ತಿರುಗಿಸಬಾರದ ಗುಂಡಿ ತಿರುಗಿಸಿಬಿಟ್ಟೆ, ಸಮುದ್ರವೇ ಒಳಗೆ ಬಂತು ಅಂತ ಸೀರೆ ಎತ್ಕೊಂಡು ಹೊರಗೆ ಓಡಿ ಬಂದೆ. ಬಂದಿದ್ದು ಒಂದು ಚೊಂಬು ನೀರು ಅಷ್ಟೇ.

ಮಲಗಿದರೆ ಕಿವಿಯ ಪಕ್ಕದಲ್ಲೇ ನೀರು ಲೊಟಲೊಟ ಅನ್ನುತ್ತೆ. ನನಗೂ ಸಮುದ್ರಕ್ಕೂ ನಡುವೆ ಒಂದು ಬೆರಳು ದಪ್ಪದ ಗೋಡೆ. ಕಟ್ಟೆಗೆ ಕಟ್ಟಿದಾಗಲೇ ಹೀಗೆ, ಇನ್ನು ಬಯಲಲ್ಲಿ ಹೇಗೆ? ನಿದ್ದೆ ಎಲ್ಲಿಂದ ಬರಬೇಕು! ರತ್ನಂಗೆ ಊಹೂಂ ಅಂತ ಆಗಲೇ ಮನಸಲ್ಲಿ ಹೇಳಿ ಆಗಿತ್ತು. ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೇ. ಬೆಳಗ್ಗೆ ಎದ್ದರೆ ಪುಟ್ಟಿ ಕಾಫಿ ಲೋಟ ಹಿಡ್ಕೊಂಡು, "ಅಜ್ಜೀ, ನನ್ನ ಮನೆ ಹೆಂಗಿದೆ?" ಅಂತ ಕಣ್ಣರಳಿಸಿ ಕೇಳ್ತಾಳೆ. ಆ ಮುಖ ನೋಡಿ ಊಹೂಂ ಅನ್ನೋದು ಹೇಗೆ ಹೇಳಿ.

ಆ ದಿನವೇ ಅವಳು ದೋಣಿಯ ಮೂಗಿನ ಹತ್ತಿರ ಒಂದು ಮುಚ್ಚಳ ತೆಗೆದು ಹಳೇ ಸರಪಳಿ ಹೊರಗೆಳೆದಳು. ಲಂಗರಿನ ಸರಪಳಿ. ಕೆಂಪು ತುಕ್ಕು ಹೊಟ್ಟಿನ ಹಾಗೆ ಉದುರ್ತಿತ್ತು. ಒಂದು ಕೊಂಡಿ ಹಿಡಿದು ತೋರಿಸಿದಳು, ನಡುವೆ ಸವೆದು ಅಗಿದ ಬೇವಿನ ಕಡ್ಡಿಯಷ್ಟಾಗಿತ್ತು.

"ಇದನ್ನ ನಂಬ್ಕೊಂಡು ಮಲಗ್ತಿದ್ಯೇನೇ?"

"ಅದಕ್ಕೇ ಅಲ್ವಾ ಇನ್ನೂ ಕಟ್ಟೆ ಬಿಟ್ಟಿಲ್ಲ. ಹೊಸದು ತರ್ಬೇಕು. ನೀನು ಬರ್ಲಿ ಅಂತ ಕಾಯ್ತಿದ್ದೆ ಅಜ್ಜಿ. ನೀನೇ ಆರ್ಸು."

ಲಂಗರು ನೆಲ ಕಚ್ಚುತ್ತೆ, ಸರಪಳಿ ದೋಣಿಯನ್ನ ಲಂಗರಿಗೆ ಹಿಡಿಯುತ್ತೆ. ಅವಳು ನಿದ್ದೆ ಮಾಡೋವಾಗ ಅವಳನ್ನ ಹಿಡಿದಿರೋದು ಅದೊಂದೇ. ಇಷ್ಟು ಅರ್ಥವಾದ ಮೇಲೆ ನನಗೆ ಅನ್ನಿಸ್ತು: ನಾನು ನೋಡೋಕೆ ಬಂದಿರೋದು ದೋಣಿಯನ್ನಲ್ಲ, ಈ ಸರಪಳಿಯನ್ನ.

ಸರಪಳಿ ಅಂಗಡಿ

ದೋಣಿ ಸಾಮಾನಿನ ಅಂಗಡಿ ಊರಿನ ಒಳಗಿತ್ತು. ದಾರಿಯಲ್ಲಿ ತಲೆಗೆ ಬಟ್ಟೆ ಸುತ್ತಿದ ಒಬ್ಬ ಹೆಂಗಸು ಬಾಳೆಲೆಯಲ್ಲಿ ಅನ್ನ ಕಟ್ಟಿ ಮಾರ್ತಿದ್ದಳು. ನನ್ನ ನೋಡಿ ಬಲಗೈಯನ್ನ ಎದೆಯ ಮೇಲಿಟ್ಟು ತಲೆ ಬಾಗಿಸಿದಳು. ಗುರುತಿಲ್ಲ ಪರಿಚಯವಿಲ್ಲ, ಅಲ್ಲಿನವರು ಹಾಗೇ. ನಾನೂ ಎದೆ ಮೇಲೆ ಕೈಯಿಟ್ಟೆ. ಎದೆ ಡವಡವ ಹೊಡ್ಕೋತಿದ್ದದ್ದು ನನ್ನ ಕೈಗೇ ಗೊತ್ತಾಯ್ತು.

ಅಂಗಡಿಯವನು ಮುರುಗೇಶ, ಅಲ್ಲೇ ಹುಟ್ಟಿ ಬೆಳೆದ ತಮಿಳಿನವನು. ಹೊಸೂರು ಕಡೆಯ ಹೂವಿನವರ ಜೊತೆ ವ್ಯಾಪಾರ ಮಾಡಿ ಮಾಡಿ ನನಗೆ ತಮಿಳು ಬರುತ್ತೆ. ಅವನದು ಎಳೆದು ಆಡೋ ತಮಿಳು, ಮಾತಿನ ಕೊನೆಗೊಂದು 'ಲಾ'. "ವಾಂಗೋ ಪಾಟಿ" ಅಂತ ಸ್ಟೂಲು ಹಾಕಿದ. ಪರದೇಶದಲ್ಲಿ ಅಜ್ಜಿ ಅಂತ ಕರೆಯೋ ಇನ್ನೊಂದು ಜೀವ ಸಿಕ್ಕಿತಲ್ಲ ಅಂತ ಅರ್ಧ ಭಯ ಇಳೀತು.

ನೆಲದ ಮೇಲೆ ಥರಾವರಿ ಸರಪಳಿ ರಾಶಿ. ನನ್ನ ಕಣ್ಣು ಮೊದಲು ಹೋಗಿದ್ದು ಥಳಥಳ ಹೊಳೆಯೋ ಸ್ಟೀಲಿನದಕ್ಕೆ.

"ಪುಟ್ಟಿ, ನೋಡೇ, ಬೆಳ್ಳಿ ಡಾಬಿನ ಹಾಗಿದೆ!"

"ಚೆನ್ನಾಗೇನೋ ಇದೆ. ಆದ್ರೆ ಉಪ್ಪುನೀರಲ್ಲಿ ಒಳಗೊಳಗೇ ಬಿರುಕು ಬಿಟ್ರೆ ಮೇಲೆ ಕಾಣ್ಸಲ್ಲ ಅಜ್ಜಿ. ಹೊಳೀತಾನೇ ಇರುತ್ತೆ, ಒಂದಿನ ಪಟ್ ಅನ್ನುತ್ತೆ. ಈ ಬೂದಿ ಬಣ್ಣದ್ದು ನೋಡು, ನಮ್ಮ ಜಿ.ಐ. ಬಕೆಟ್ ಥರದ್ದು. ಕೆಟ್ರೆ ತುಕ್ಕು ಕಾಣುತ್ತೆ. ಮುಂಚೇನೇ ಗೊತ್ತಾಗುತ್ತೆ."

ಪಟ್ ಅನ್ನೋ ಮಾತು ಕೇಳಿ ನಾನು ಸ್ಟೀಲಿನ ಕಡೆ ಮತ್ತೆ ತಿರುಗಲಿಲ್ಲ. ಬೂದಿ ಬಣ್ಣದ್ದರಲ್ಲೇ ಎಲ್ಲಕ್ಕಿಂತ ದಪ್ಪದ್ದನ್ನ ಕಾಲಲ್ಲಿ ತಟ್ಟಿ ತೋರಿಸಿದೆ.

"ಇದು ಕೊಡಪ್ಪ."

ಮುರುಗೇಶ ನಕ್ಕ. "ಪಾಟಿ, ನೀವು ಕಟ್ಟಬೇಕಾಗಿರೋದು ದೋಣಿ. ಆನೆ ಅಲ್ಲ ಲಾ."

"ನನ್ನ ಮೊಮ್ಮಗಳು ಮಲಗೋ ದೋಣಿ ಕಣಪ್ಪ ಅದು. ಆನೆಗಿಂತ ಹೆಚ್ಚು."

"ಅಜ್ಜಿ, ಇಷ್ಟು ದಪ್ಪದ್ದು ನಮ್ಮ ರಾಟೆಗೆ ಕೂರಲ್ಲ" ಅಂದಳು ಪುಟ್ಟಿ. ಲಂಗರು ಎತ್ತೋಕೆ ದೋಣಿ ಮೂಗಲ್ಲಿ ಒಂದು ಕರೆಂಟಿನ ರಾಟೆ ಇದೆ, ಬಾವಿ ರಾಟೆಯ ಹಾಗೆ, ಆದರೆ ಹಲ್ಲು ಕೊರೆದಿರೋದು. ಒಂದು ಅಳತೆಯ ಕೊಂಡಿ ಮಾತ್ರ ಆ ಹಲ್ಲಲ್ಲಿ ಸರಿಯಾಗಿ ಕೂರೋದಂತೆ. ದೊಡ್ಡದಾದರೆ ಹಾರುತ್ತೆ, ಸಣ್ಣದಾದರೆ ಜಾರುತ್ತೆ.

"ರಾಟೆ ಬದಲಾಯ್ಸು."

"ರಾಟೆ ಬದಲಾಯ್ಸಿದ್ರೆ ಮೋಟಾರ್ ಬದಲಾಯ್ಸ್ಬೇಕು. ಮೋಟಾರ್ ಬದಲಾಯ್ಸಿದ್ರೆ ಬ್ಯಾಟ್ರಿ. ಅಷ್ಟೆಲ್ಲ ಮಾಡಿದ್ಮೇಲೆ ಮೂಗು ಭಾರವಾಗಿ ದೋಣಿ ಅಲೆಯೊಳಗೆ ಮುಗ್ಗರಿಸುತ್ತೆ. ದಪ್ಪ ಅಲ್ಲ ಅಜ್ಜಿ, ಉದ್ದ ಬೇಕು. ನೀರಿನ ಆಳಕ್ಕಿಂತ ಐದು ಪಟ್ಟು, ಗಾಳಿ ಬಂದ್ರೆ ಏಳು ಪಟ್ಟು ಬಿಡ್ಬೇಕು. ಸರಪಳಿ ನೆಲದ ಮೇಲೆ ಮಲಗಿದ್ರೆ ಲಂಗರನ್ನ ಅಡ್ಡಕ್ಕೆ ಎಳೆಯುತ್ತೆ, ಆಗ ಇನ್ನೂ ಒಳಗೆ ಹೂತ್ಕೊಳ್ಳುತ್ತೆ. ಗಿಡ್ಡ ಆದ್ರೆ ಮೇಲಕ್ಕೆ ಎಳೆಯುತ್ತೆ, ಕಿತ್ತು ಬರುತ್ತೆ."

ಅಷ್ಟು ಹೇಳಿದ್ದೇ ತಡ, ನಮ್ಮನೆ ಎಮ್ಮೆ ಕಣ್ಮುಂದೆ ಬಂತು. ಹಗ್ಗ ಗಿಡ್ಡ ಕಟ್ಟಿದರೆ ತಲೆ ಎತ್ತಿ ಎತ್ತಿ ಗೂಟವನ್ನೇ ಕಿತ್ತು ಹಾಕ್ತಿತ್ತು. ಉದ್ದ ಬಿಟ್ಟರೆ ಎಷ್ಟು ಜಗ್ಗಿದರೂ ಗೂಟ ಅಲ್ಲಾಡ್ತಿರಲಿಲ್ಲ. ಹಾಗಾದರೆ ಸರಿ. ಮುರುಗೇಶ ಪುಟ್ಟಿ ಹೇಳಿದ ಅಳತೆಯದನ್ನೇ ತೆಗೆದ. ನಾನು ಒಂದೊಂದೇ ಕೊಂಡಿ ಬೆರಳಲ್ಲಿ ಉರುಳಿಸಿ, ಬೆಸುಗೆ ಮುಟ್ಟಿ ನೋಡಿ ಮುಂದೆ ಬಿಟ್ಟೆ. ಅಂಗಡಿಗೆ ಬಂದ ಬೇರೆ ಗಿರಾಕಿಗಳು ಕಾದು ಕಾದು ಹೋದರು. ಹೋಗಲಿ. ಅವರ ಮೊಮ್ಮಗಳಾ ಮಲಗೋದು?

ಕೊನೆಗೆ ಕತ್ತರಿಸೋ ಹೊತ್ತಿಗೆ ಬಾಯಿಗೆ ಬಂದೇ ಬಂತು, "ಕೊಸರು ಹಾಕಪ್ಪ."

ಪುಟ್ಟಿ ಹಣೆ ಚಚ್ಚಿಕೊಂಡಳು. ಮುರುಗೇಶ ಮಾತ್ರ ಕಟ್ಟರ್ ಕೆಳಗಿಟ್ಟು ನನ್ನನ್ನೇ ನೋಡಿದ. ಅವರಲ್ಲೂ ಅದೇ ಮಾತು ಇದೆಯಂತೆ, ಅವನ ಅಜ್ಜಿ ಮೀನು ಮಾರುವಾಗ ಹಾಕ್ತಿದ್ದಳಂತೆ. ಸರಪಳಿಗೆ ಕೊಸರು ಕೇಳಿದವರು ಯಾರೂ ಇಲ್ಲ ಅಂತ ಹೊಟ್ಟೆ ಹಿಡ್ಕೊಂಡು ನಕ್ಕು, ಒಂದು ಮೊಳ ಮುಂದೆ ಹೋಗಿ ಕತ್ತರಿಸಿದ.

ದೋಣಿಯ ಮೂಗು

ಅಂಗಡಿಯವರು ಸರಪಳಿಯನ್ನ ತಂದು ಕಟ್ಟೆಯ ಹಲಗೆ ಮೇಲೆ ಹಾವಿನ ಹಾಗೆ ಮಡಚಿ ಮಡಚಿ ಹಾಸಿದರು. ಎಷ್ಟು ಬಿಟ್ಟಿದ್ದೀವಿ ಅಂತ ತಿಳಿಯೋಕೆ ನಡುನಡುವೆ ಗುರುತು ಹಾಕಬೇಕು. ಬಣ್ಣ ಬಳಿಯೋಣ ಅಂದರೆ ಆಗಾಗ ಮಳೆ. ಪುಟ್ಟಿಗೆ ಅವತ್ತು ಒಂದು ಹಾಯಿ ಹೊಲಿದು ಒಪ್ಪಿಸೋ ಅವಸರ.

"ನಾನು ಗುರುತು ಕಟ್ತೀನಿ ಬಿಡು, ನಿನ್ನ ಕೆಲಸ ನೋಡ್ಕೋ" ಅಂದೆ.

"ಐದು ಮಾರಿಗೆ ಒಂದು ಕಟ್ಟು ಅಜ್ಜಿ. ಮಾರಿಗೆ ಆರಡಿ ಅಂತ ನಾನು ಲೆಕ್ಕ ಇಟ್ಕೋತೀನಿ."

"ಹೂವು ಮಾರಿದೋಳಿಗೆ ಮಾರು ಹೇಳ್ಕೊಡ್ತೀಯಾ? ನಡೀ."

ಎಷ್ಟು ಖುಷಿಯಾಯ್ತು ಅಂದರೆ ಹೇಳೋಕಾಗಲ್ಲ. ಬ್ಲೌಸ್ ಪೀಸು ಹರಿದು ಹಸಿರು, ಹಳದಿ, ಕೆಂಪು ಪಟ್ಟಿ ಮಾಡಿಕೊಂಡೆ. ಎರಡು ಕೈ ಚಾಚಿ ಎಳೆಯೋದು, ಎಣಿಸೋದು, ಗಂಟು ಹಾಕೋದು. ಹೂ ಕಟ್ಟೋ ಗಂಟೇ, ಎಳೆದಷ್ಟೂ ಬಿಗಿ. ಪಕ್ಕದ ದೋಣಿಯ ಬಿಳಿ ಮುದುಕ, ಚಡ್ಡಿ ಬಿಟ್ಟರೆ ಮೈಮೇಲೆ ಏನೂ ಹಾಕದ ಪುಣ್ಯಾತ್ಮ, ಕೂತು ಫೋಟೋ ತೆಗೆದ. ಹಸಿರು, ಹಳದಿ, ಕೆಂಪು, ಮತ್ತೆ ಹಸಿರು. ಮಲ್ಲಿಗೆ ದಂಡೆಯಾದರೆ ಮುಗಿಯೋ ಹೊತ್ತಿಗೆ ಬೆರಳು ಘಮ್ ಅನ್ನೋದು, ಇಲ್ಲಿ ಕಬ್ಬಿಣದ ನಾತ.

ಸಂಜೆ ಪೂಜೆ. ಅರಿಶಿನ, ಕುಂಕುಮ, ಒಂದು ನಿಂಬೆಹಣ್ಣು. ಎಣ್ಣೆ ಮಾತ್ರ ಹಚ್ಚಬೇಡ, ಕಾಲು ಜಾರುತ್ತೆ ಅಂದಳು ಪುಟ್ಟಿ. ಸರಪಳಿಯ ಒಂದು ಕೊನೆ ಲಂಗರಿಗೆ. ಇನ್ನೊಂದು ಕೊನೆಯನ್ನ ದೋಣಿಯೊಳಗೆ ಹಗ್ಗದಲ್ಲಿ ಕಟ್ಟಿದಳು. ನನ್ನ ಜೀವ ಹೋಯ್ತು.

"ಇಷ್ಟೆಲ್ಲ ಕಬ್ಬಿಣ ತಂದು ಕೊನೇಲಿ ಹಗ್ಗ ಕಟ್ತೀಯೇನೇ?"

"ತೀರಾ ಆಗ್ದೆ ಹೋದ್ರೆ ಕತ್ತರಿಸ್ಕೊಂಡು ಓಡ್ಬೇಕಲ್ಲ ಅಜ್ಜಿ. ಸರಪಳಿನ ಚಾಕೂಲಿ ಕತ್ತರಿಸೋಕಾಗುತ್ತಾ?"

ತೀರಾ ಆಗದೆ ಹೋಗೋದು ಅಂದರೆ ಏನು ಅಂತ ನಾನು ಕೇಳಲಿಲ್ಲ. ಹಗ್ಗದ ಪಕ್ಕದಲ್ಲಿ ಒಂದು ಚಾಕು ಸಿಕ್ಕಿಸಿತ್ತು. ಅದಕ್ಕೂ ಕುಂಕುಮ ಇಟ್ಟೆ.

ಒಂದು ಗುಡ್ಡದ ಮರೆಯಲ್ಲಿ

ಮಾರನೇ ದಿನ ಕಟ್ಟೆ ಬಿಟ್ಟೆವು. ನನಗೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ಹಾಕಿ ಕೂರಿಸಿದ್ದಳು. ಹಾಯಿ ಬಿಚ್ಚಿದಾಗ ಪಟಪಟ ಅಂದು ಆಮೇಲೆ ಗಾಳಿ ತುಂಬಿ ಸದ್ದೇ ಇಲ್ಲ. ದೋಣಿ ವಾಲ್ತು. ನಾನು ಕಂಬಿ ಹಿಡಿದ ಕೈ ಬಿಡಲೇ ಇಲ್ಲ, ಗೊತ್ತಿರೋ ದೇವರನ್ನೆಲ್ಲ ಕರೆದೆ. ಪುಟ್ಟಿ ಚಕ್ರ ಹಿಡಿದು ನಿಂತಿದ್ದ ಚೆಂದ ನೋಡಬೇಕಿತ್ತು ನೀವು! ಹೆಬ್ಬಾಳ ಫ್ಲೈಓವರ್ ಮೇಲೆ ಸ್ಕೂಟರ್ ಓಡಿಸೋಕೆ ಹೆದರ್ತಿದ್ದ ಹುಡುಗಿ ಅದು.

ಮಧ್ಯಾಹ್ನಕ್ಕೆ ಒಂದು ಕಲ್ಲುಗುಡ್ಡದ ದ್ವೀಪದ ಮರೆಗೆ ಬಂದೆವು. ಆಳ ನೋಡಿ ಲೆಕ್ಕ ಹಾಕಿ, ಲಂಗರು ಇಳಿಸಿದಳು. ಸರಪಳಿ ಗಡಗಡ ಗಡಗಡ ಅಂತ ಓಡ್ತು, ನನ್ನ ಎದೆಯೊಳಗೇ ಓಡಿದ ಹಾಗೆ. ಹಸಿರು ಹೋಯ್ತು, ಹಳದಿ ಹೋಯ್ತು, ಕೆಂಪು ಬಂದಾಗ ನಿಲ್ಲಿಸಿದಳು. ಆಮೇಲೆ ನನ್ನ ಕೈ ಹಿಡಿದು ಸರಪಳಿ ಮೇಲೆ ಇಟ್ಟಳು.

"ಸುಮ್ನಿದ್ರೆ ಲಂಗರು ಹಿಡ್ಕೊಂಡಿದೆ ಅಂತ. ಗುರುಗುರು ಅಂದ್ರೆ ಜಾರ್ತಿದೆ ಅಂತ."

ಸುಮ್ಮನೇ ಇತ್ತು. ಆದರೂ ಆಗಾಗ ಹೋಗಿ ಕೈಯಿಟ್ಟು ಬರ್ತಿದ್ದೆ, ಮಗುವಿಗೆ ಜ್ವರ ಬಂದಾಗ ಹಣೆ ಮುಟ್ಟಿ ನೋಡ್ತೀವಲ್ಲ ಹಾಗೆ.

ಮಾರನೇ ಬೆಳಗ್ಗೆ ದೋಸೆ ಹುಯ್ತಿದ್ದೆ. ಇದ್ದಕ್ಕಿದ್ದ ಹಾಗೆ ಸೆಖೆ ಹೋಗಿ ತಣ್ಣಗಾಯ್ತು. ಪುಟ್ಟಿ ತಟ್ಟೆ ಬಿಟ್ಟು ಮೇಲೆ ಓಡಿದಳು. ನಾನು ತಲೆ ಹೊರಗೆ ಹಾಕಿ ನೋಡಿದರೆ, ಸಮುದ್ರದ ಆ ತುದಿಯಿಂದ ಈ ತುದಿಗೆ ಕಪ್ಪು ಮೋಡ, ಚಾಪೆ ಸುತ್ತಿದ ಹಾಗೆ ಉರುಳ್ತಾ ಬರ್ತಿದೆ. "ಒಳಗಿರು ಅಜ್ಜಿ" ಅಂದಳು. ಅಷ್ಟರಲ್ಲಿ ಗಾಳಿ ಬಂತು. ಗಾಳಿ ಅಂದರೆ ನಮ್ಮ ಕಡೆಯ ಗಾಳಿ ಅಲ್ಲ. ಕಂಬದ ತಂತಿಗಳೆಲ್ಲ ಅರಚಿದವು. ಮಳೆ ಅಡ್ಡಡ್ಡ ಬಂತು. ದೋಸೆ ಕಾವಲಿ ಹಾರಿ ಬಿತ್ತು, ಒಲೆ ಆರಿಸಿ ನಾನು ಏಣಿ ಹಿಡ್ಕೊಂಡೆ. ಹಿಂದೆ ತಿರುಗಿ ನೋಡಿದರೆ ಗುಡ್ಡದ ಕರೀ ಬಂಡೆ ನಿನ್ನೆ ಇದ್ದ ಕಡೆ ಇಲ್ಲ. ಹತ್ತಿರ ಬಂದಿದೆ. ಬಂಡೆ ನಡೆಯುತ್ತಾ? ನಾವೇ ಹೋಗ್ತಾ ಇದ್ದೀವಿ.

ಒಳಗೆ ಹೇಗೆ ಇರೋದು? ಅಂಬೆಗಾಲಲ್ಲಿ ದೋಣಿಯ ಮೂಗಿನ ತನಕ ತೆವಳಿಕೊಂಡು ಹೋದೆ. ಸರಪಳಿ ಮುಟ್ಟಿದೆ. ಗುರುಗುರು ಅಂತಿತ್ತು.

ಪುಟ್ಟಿ ಇಂಜಿನ್ ಹಾಕಿ ಮುಂದಕ್ಕೆ ಬಂದಿದ್ದಳು. ರಾಟೆಯ ಹಿಡಿ ಮೇಲಿದ್ದ ಕೈ ಗಡಗಡ ನಡುಗ್ತಿತ್ತು.

"ಇಷ್ಟುದ್ದ ಬಿಟ್ಟಿದ್ದೀನಿ, ಯಾಕೆ ಜಾರ್ತಿದೆ? ಕೆಳಗೆ ಬರೀ ಕಲ್ಲೇನೋ! ಎತ್ಕೊಂಡು ಹೊರಗೆ ಹೋಗ್ಬಿಡೋಣ ಅಜ್ಜಿ!"

ಹೊರಗೆ ಅಂದರೆ ಆ ಕಪ್ಪೊಳಗೆ. ಏನೂ ಕಾಣ್ತಿರಲಿಲ್ಲ. ನನ್ನ ಕಣ್ಣು ಕೆಂಪು ಪಟ್ಟಿ ಮೇಲೆ ಬಿತ್ತು. ಅದನ್ನ ಕಟ್ಟಿದ್ದು ನಾನು. ಅಳೆದದ್ದು ನಾನು. ನನ್ನ ಎರಡೂ ಕೈ ಕಂಬಿಗೆ ಚಾಚಿಕೊಂಡಿದ್ದವು, ಆ ಗಾಳಿಯಲ್ಲೂ ಮೊಣಕೈ ಬಾಗೇ ಇತ್ತು. ಆಗ ಹೊಳೀತು.

ಹೂವಿನವರ ಮಾರು ನಿಮಗೆ ಗೊತ್ತಲ್ಲ. ಕೈ ಪೂರ್ತಿ ಚಾಚಿದ ಹಾಗೆ ಕಾಣುತ್ತೆ, ಮೊಣಕೈ ಬಿಚ್ಚಿರಲ್ಲ. ಆಮೇಲೆ ಗಿರಾಕಿ ಎದುರಿಗೇ ಒಂದಿಷ್ಟು ಕೊಸರು ಹಾಕಿ ಸರಿ ಮಾಡ್ತೀವಿ. ಮಾರೋರಿಗೂ ಗೊತ್ತು, ಕೊಳ್ಳೋರಿಗೂ ಗೊತ್ತು. ಅರ್ಧ ಆಯಸ್ಸು ಹಾಗೆ ಅಳೆದ ಕೈ, ಸರಪಳಿ ಕಂಡರೆ ನೆಟ್ಟಗಾಗುತ್ತಾ? ನಾನು ಕುಳ್ಳಿ ಬೇರೆ. ಗುರುತಿಗೆ ಕೊಸರು ಯಾರು ಹಾಕಿದರು? ಅವಳು ಆರಡಿ ಅಂತ ಲೆಕ್ಕ ಇಟ್ಟಿದ್ದಾಳೆ, ನೀರಲ್ಲಿರೋದು ನಾಲ್ಕೋ ನಾಲ್ಕೂವರೆಯೋ!

"ಪುಟ್ಟೀ! ಎತ್ಬೇಡ್ವೇ! ಅದು ಪೂರ್ತಿ ಮಾರಲ್ಲ! ನಾನು ವ್ಯಾಪಾರದ ಮಾರಲ್ಲಿ ಅಳೆದ್ಬಿಟ್ಟಿದ್ದೀನಿ!"

ಅವಳು ನನ್ನನ್ನೇ ನೋಡಿದಳು. ಬೇರೆ ಯಾರೇ ಆಗಿದ್ದರೂ ಆ ಮಳೆಯಲ್ಲಿ ಈ ಮುದುಕಿ ಏನು ಒದರ್ತಾಳೆ ಅಂತಿದ್ದರು. ಇವಳು ನನ್ನ ಬುಟ್ಟಿ ಪಕ್ಕದಲ್ಲಿ ಬೆಳೆದವಳು. ಒಂದು ಮಾತೂ ಕೇಳಲಿಲ್ಲ. ನಡುಗೋ ಕೈಯಲ್ಲೇ ಹಿಡಿ ತಿರುಗ್ಸಿ ಬ್ರೇಕ್ ಬಿಟ್ಟಳು. ಗಡಗಡ ಗಡಗಡ. ಕೆಂಪು ಹೋಯ್ತು. ಹಸಿರು ಹೋಯ್ತು. ಹಳದಿ. ಬಂಡೆಗೆ ಅಲೆ ಹೊಡೆಯೋ ಸದ್ದು ಬೆನ್ನಲ್ಲೇ ಕೇಳ್ತಿತ್ತು. ಇನ್ನೊಂದು ಕೆಂಪೂ ಹೋಯ್ತು. ಆಗ ಬ್ರೇಕ್ ಹಾಕಿದಳು.

ದೋಣಿ ಒಂದಷ್ಟು ದೂರ ಹಿಂದಕ್ಕೆ ಹೋಯ್ತು. ನಾನು ಕಣ್ಣು ಮುಚ್ಚಿದೆ. ಆಮೇಲೆ ಮೂಗು ಒಂದು ಸಲ ತಗ್ಗಿ, ಗಾಳಿ ಕಡೆಗೆ ತಿರುಗಿ, ಜಗ್ಗಿ ನಿಂತಿತು. ಪುಟ್ಟಿಯ ಕೈ, ನನ್ನ ಕೈ, ಎರಡೂ ಸರಪಳಿ ಮೇಲೆ. ಬಿಗಿಯಾಗಿತ್ತು, ಕಂಬಿಯ ಹಾಗೆ ನೆಟ್ಟಗಿತ್ತು. ಗುರುಗುಟ್ಟಲಿಲ್ಲ.

ಗಾಳಿ ಬಂದಷ್ಟೇ ಬೇಗ ಹೋಯ್ತು. ಬಿಸಿಲು ಬಂತು, ಗರುಡ ಬಂದವು. ನಾವಿಬ್ಬರೂ ಎದ್ದಿರಲಿಲ್ಲ, ಅಲ್ಲೇ ತೊಯ್ದು ಕೂತಿದ್ದೆವು.

"ಎಷ್ಟು ಗಿಡ್ಡ ಅಜ್ಜಿ ನಿನ್ನ ಮಾರು?"

"ಅದು ಗಿರಾಕಿ ಮುಖ ನೋಡ್ಕೊಂಡು ಕಣೇ."

"ಸಮುದ್ರ ಯಾವ್ ಥರ ಗಿರಾಕಿ ಅಂದ್ಕೊಂಡೆ?"

ನನಗೆ ನಗು ಬಂತು, ಅವಳಿಗೆ ಅಳು ಬಂತು. ಆಮೇಲೆ ಅದಲು ಬದಲಾಯ್ತು.

ಫೋನು

ಗುಡ್ಡದ ಮೇಲೆ ಎಲ್ಲೋ ಟವರ್ ಇರಬೇಕು, ಆ ಹೊತ್ತಿಗೆ ಸರಿಯಾಗಿ ಒಳಗೆ ನನ್ನ ಫೋನು ಹೊಡ್ಕೊಳ್ತು, ರತ್ನನ ವಿಡಿಯೋ ಕಾಲ್. ಇಬ್ಬರೂ ಏಣಿ ಇಳಿದು ಹೋಗಿ ಎತ್ತಿದೆವು.

"ಅವ್ವ, ಯಾಕೆ ತಲೆಯೆಲ್ಲ ಒದ್ದೆ?"

ಸ್ನಾನ ಮಾಡ್ದೆ ಅಂದಿದ್ದರೆ ಮುಗೀತಿತ್ತು. ಫೋನಿನ ಹಿಂದೆ ಪುಟ್ಟಿ ಎರಡೂ ಕೈ ಮುಗಿದು, ಬೇಡ ಬೇಡ ಅಂತ ತಲೆ ಅಲ್ಲಾಡಿಸ್ತಿದ್ದಳು. ಆದರೆ ನೋಡಿ ಬಾ ಅಂತ ಕಳಿಸಿದವಳಿಗೆ ನೋಡಿದ್ದನ್ನ ಹೇಳಬೇಕಲ್ಲ. ಹೇಳಿದೆ. ಮೋಡ, ಬಂಡೆ, ಗುರುಗುರು, ನನ್ನ ಮಾರು, ಎಲ್ಲಾ. ರತ್ನ ಮಿಷಿನ್ನಿನ ಮೇಲೆ ಬಟ್ಟೆ ಹಾಗೇ ಬಿಟ್ಟು ಕೇಳಿದಳು. ಪುಟ್ಟಿ ನನ್ನ ಮುಂದೆ ನೆಲಕ್ಕೆ ಕೂತು ಮಂಡಿಗೆ ಮುಖ ಒತ್ತಿಕೊಂಡಿದ್ದಳು.

"ಅಂದ್ರೆ ಊಹೂಂ ಅಂತ ತಾನೇ?" ಅಂದಳು ರತ್ನ.

"ಹೂಂ ಅಂತ."

"ಏನವ್ವ ಹೇಳ್ತಿದ್ದೀಯ? ಭಯ ಆಗ್ಲಿಲ್ವಾ ನಿಂಗೆ?"

"ಆಯ್ತು. ಈಗ್ಲೂ ಆಗ್ತಿದೆ. ಊರಿಗೆ ಬಂದ್ಮೇಲೂ ಆಗುತ್ತೆ, ಇನ್ಮೇಲೆ ಮಳೆ ಬಂದಾಗೆಲ್ಲ ಆಗುತ್ತೆ. ಅವಳಿಗೂ ಆಯ್ತು ಕಣೇ ರತ್ನ, ಕೈ ನಡುಗ್ತಿತ್ತು, ನಾನೇ ನೋಡ್ದೆ. ನಡುಗೋ ಕೈಯಲ್ಲೇ ಸರಿಯಾಗಿ ಮಾಡಿದ್ಲು. ಸರಪಳೀನೂ ಹಿಡೀತು. ಇನ್ನೇನು ನೋಡ್ಬೇಕಿತ್ತು ನಾನು?"

ರತ್ನ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. ಆಮೇಲೆ, "ಫೋನು ಅವಳಿಗೆ ಕೊಡು" ಅಂದಳು.

ಪುಟ್ಟಿ ಬಿಸಿ ಪಾತ್ರೆ ಹಿಡಿದ ಹಾಗೆ ಫೋನು ಇಸ್ಕೊಂಡಳು. ನಾನು ಏಣಿ ಹತ್ತಿ ಮೇಲೆ ಬಂದು ಬಿಸಿಲಿಗೆ ಕೂತೆ. ಸೆರಗಿನ ನೀರು ಹಿಂಡಿಕೊಂಡೆ.

ಆಮೇಲೆ ರತ್ನನ ಗಂಟಲು ಬಂತು, ಸಮುದ್ರ ದಾಟಿ.

"ಏನೇ ಇದು ತಲೆ? ಯಾರೇ ಹಿಂಗೆ ಕತ್ತರಿಸಿದ್ದು? ಇಲಿ ತಿಂದ ಹಾಗಿದೆ!"

"ಅಮ್ಮಾ, ಸಮುದ್ರದಲ್ಲಿ ಯಾರಮ್ಮ ಜಡೆ ಹಾಕ್ಕೊಂಡು ಕೂರ್ತಾರೆ!"

"ಬಾಯಿ ಮುಚ್ಚು. ಈ ಕಡೆ ತಿರುಗು, ಹಿಂದ್ಗಡೆ ತೋರ್ಸು."

"ಚೆನ್ನಾಗಿದೆ ಅಂತ ಎಲ್ರೂ ಅಂದ್ರು."

"ಯಾರು ಅಂದಿದ್ದು? ಕಣ್ಣಿಲ್ವಾ ಅವ್ರಿಗೆ?"

ಅವಳು ಒಂದು ಅಂದರೆ ಇವಳು ಎರಡು. ಜೋರು ಜಗಳ. ಪಕ್ಕದಲ್ಲಿ ಒಂದು ಮೀನಿನ ದೋಣಿ ಹೋಗ್ತಿತ್ತು, ಅದರಲ್ಲಿದ್ದವನು ಏನಾಯ್ತೋ ಅಂತ ತಿರುಗಿ ತಿರುಗಿ ನೋಡಿದ. ನಾನು ಎದೆ ಮೇಲೆ ಕೈಯಿಟ್ಟು ತಲೆ ಬಾಗಿಸಿದೆ, ಏನೂ ಇಲ್ಲಪ್ಪ ಅಂತ. ಒಳಗೆ ಹೋಗಬೇಕು, ದೋಸೆ ಹಿಟ್ಟು ಚೆಲ್ಲಿದ್ದು ಒರೆಸಬೇಕು, ಸೀರೆ ಬದಲಾಯಿಸಬೇಕು ಅಂತ ಇತ್ತು. ಹೋಗಲಿಲ್ಲ. ಆ ಜಗಳ ಮುಗಿಯೋದು ನನಗೆ ಬೇಕಿರಲಿಲ್ಲ.